ತಾತನಿಗೆ ಹಾಕಿದ ಹಾರ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಕರೆಯುವುದು ಮನೋಹರನ ಕಸುಬು. ಬೆಳಗ್ಗೆ 'ಹಾಸನ, ಹಾಸನ' ಎಂದು ಶುರುವಾದ ಗಂಟಲು ಸಂಜೆಯ ಹೊತ್ತಿಗೆ ಒಡೆದ ಮಡಕೆಯಾಗಿರುತ್ತಿತ್ತು. ಹರೆಯದಿಂದಲೂ ಅವನಿಗೆ ರ‍್ಯಾಪ್ ಹುಚ್ಚು. ಚನ್ನರಾಯಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಕೀರ್ತಿರಾಜನಿಗೂ ಅದೇ ಹುಚ್ಚು. ಇಬ್ಬರೂ ಸ್ವಂತ ಹೆಸರಿನಲ್ಲಿ ಹಾಡು ಕಟ್ಟಿ ಯೂಟ್ಯೂಬಿಗೆ ಬಿಟ್ಟರು. ಯಾರೂ ಕೇಳಲಿಲ್ಲ.

ಆಗ ಇಬ್ಬರೂ ಸೇರಿ ಇಲ್ಲದ ಗುಂಪೊಂದನ್ನು ಹುಟ್ಟಿಸಿದರು. ಹೆಸರು 'ಹೊಳೆಸಾಲು ಪಡೆ'. ಅದರಲ್ಲಿ ನಾಲ್ವರು. ಮುಖಕ್ಕೆ ಟವಲು, ಯಾವ ಊರಿನವರೋ ಗೊತ್ತಿಲ್ಲ. ನಾಲ್ಕು ದನಿಯೂ ಇವರಿಬ್ಬರದೇ. ಜನ ಮುಗಿಬಿದ್ದು ಕೇಳಿದರು. ಅದರಲ್ಲೂ 'ತಾತ' ಎಂಬ ಮುದುಕನೆಂದರೆ ಹುಡುಗರಿಗೆ ಪ್ರಾಣ. ಆ ತಾತ ಬೇರಾರೂ ಅಲ್ಲ, ದಿನವೆಲ್ಲ ಕೂಗಿ ಸೋತ ಮನೋಹರನ ಗಂಟಲು. ದನಿ ಹಾಗೇ ಇರಲೆಂದು ನೋವಿಗೆ ಔಷಧಿಯನ್ನೂ ಮಾಡಲಿಲ್ಲ.

ಕೊನೆಗೆ ನೀರು ನುಂಗುವುದೂ ಕಷ್ಟವಾಯಿತು. ಕೂಗುವುದೋ ಹಾಡುವುದೋ ಒಂದನ್ನು ಬಿಡು, ಇಲ್ಲದಿದ್ದರೆ ಮಾತೇ ನಿಲ್ಲುತ್ತದೆ ಎಂದರು ಹಾಸನದ ಡಾಕ್ಟರು. ಕೂಗು ಬಿಟ್ಟರೆ ಅನ್ನವಿಲ್ಲ.

"ತಾತನ್ನ ಸಾಯ್ಸಿಬುಡು ಕಣ್ಲಾ, ನಂಗೆ ಸಾಕಾಗದೆ," ಎಂದ ಗೆಳೆಯನಿಗೆ.

ಕೀರ್ತಿರಾಜ 'ತಾತ ಇನ್ನಿಲ್ಲ' ಎಂದು ಪಡೆಯ ಯೂಟ್ಯೂಬ್ ಪುಟದಲ್ಲಿ ಹಾಕಿಬಿಟ್ಟ.

ಮಾರನೆಯ ದಿನ, ಮನೋಹರ ನಿಂತು ಕೂಗುವ ಜಾಗದಲ್ಲೇ ಶ್ರದ್ಧಾಂಜಲಿ ಫ್ಲೆಕ್ಸು. ಟವಲು ಸುತ್ತಿದ ತಾತನ ಮುಖ, ಅದಕ್ಕೆ ಸೇವಂತಿಗೆ ಹಾರ. ಕಾಲೇಜು ಹುಡುಗರು ನಿಜವಾಗಿಯೂ ಅಳುತ್ತಿದ್ದರು. ಮನೋಹರನ ತಾಯಿ ನಂಜಮ್ಮ ಮಗನಿಗೆ ಬುತ್ತಿ ತಂದವಳು ಆ ಟವಲನ್ನು ನೋಡಿದಳು. ಅಂಚಿನಲ್ಲಿ ತಾನೇ ಹಾಕಿದ ಕೆಂಪು ದಾರದ ಹೊಲಿಗೆ.

"ಅಯ್ಯೋ, ಬದುಕಿರೋ ಮಗನ ಪಟಕ್ಕೆ ಹಾರ ಆಕವ್ರಲ್ಲಪ್ಪಾ!"

ಅವಳನ್ನು ಪಕ್ಕಕ್ಕೆ ಕರೆದು ಮನೋಹರ ಎಲ್ಲ ಹೇಳಿದ. ಅವಳು ಬೈಯಲಿಲ್ಲ.

"ಕಾಗೆ ತಲೆ ಮುಟ್ಟಿದ್ರೆ ಏನ್ಲಾ ಮಾಡ್ತೀವಿ? ಸತ್ತೋದ ಅಂತ ನೆಂಟ್ರಿಗೆ ಸುಳ್ಳು ಏಳ್ಕಳುಸ್ತೀವಿ. ಅವ್ರು ಅತ್ತ್ ಮೇಲೆ, ಬದುಕವ್ನೆ ಅಂತ ನಾವೇ ಏಳ್ತೀವಿ. ಏಳ್ದಿದ್ರೆ ಆ ಸಾವು ಮನೇಲೇ ಕೂತ್ಕತದೆ. ಓಗು, ಅತ್ತೋರಿಗೆ ಏಳು."

ಹೇಳಿದರೆ ಪಡೆಯ ಗುಟ್ಟು ಒಡೆಯುತ್ತದೆ. ಆದರೆ ಈಗಲಾದರೂ ತನ್ನ ಹೆಸರು ನಾಲ್ಕು ಜನರ ಬಾಯಿಗೆ ಬಂದೀತೆಂಬ ಆಸೆಯೂ ಮನೋಹರನೊಳಗಿತ್ತು.

"ತಾತ ಸತ್ತಿಲ್ಲ ಕಣ್ರಪ್ಪಾ. ತಾತ ಅನ್ನೋನೇ ಇರ್ನಿಲ್ಲ. ಆ ದನಿ ನಂದು," ಎಂದು ಹುಡುಗರ ಮುಂದೆ ನಿಂತು ತಾತನ ಸಾಲನ್ನೇ ಹಾಡಿದ.

"ಊರೂರ್ ಎಸ್ರ ಕೂಗ್ದೋನ್ಗೆ
ಓಗೋಕ್ ಒಂದೂರ್ ಇಲ್ಲ ಕಣೋ..."

ಒಬ್ಬ ಕಣ್ಣೊರೆಸಿಕೊಂಡು ನಕ್ಕ. "ಮಿಮಿಕ್ರಿ ಚೆನ್ನಾಗದೆ ಕಣಣ್ಣೋ. ಆದ್ರೆ ತಾತನ ನೋವು ಬರ್ನಿಲ್ಲ ನೋಡು."

"ಸತ್ತೋರ್ ಎಸ್ರಲ್ಲಿ ಶೋಕಿ ಮಾಡ್ಬ್ಯಾಡ ಓಗಣ್ಣ," ಎಂದ ಇನ್ನೊಬ್ಬ.

ನಂಜಮ್ಮ ಸೆರಗು ಸಿಕ್ಕಿಸಿ ಕಲ್ಲುಬೆಂಚು ಹತ್ತಿ ಹಾರ ತೆಗೆದಳು.

"ಏ ಅಜ್ಜಿ, ಯಾಕ್ ತೆಗಿತೀಯ ಅದ?"

"ನಮ್ಮನೆ ಟವಲು ಕಣಪ್ಪಾ ಅದು."

ಕೆಳಗಿಳಿದು ಬುತ್ತಿಯನ್ನು ಮಗನ ಕೈಗಿಟ್ಟಳು. "ಏಳೋದ್ ಏಳಾಯ್ತು. ನಂಬೋದು ಬುಡೋದು ಅವ್ರಿಗೆ ಸೇರಿದ್ದು. ಬಿಸ್ನೀರ್ ಕುಡಿ, ಓಗು."

ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಮನೋಹರ ಎರಡು ಗುಟುಕು ನೀರು ಕುಡಿದು, ಫ್ಲೆಕ್ಸಿನ ಕೆಳಗೇ ನಿಂತು ಕೂಗಿದ: "ಅರಕಲಗೂಡು, ಅರಕಲಗೂಡು..."

ಅಳುತ್ತಿದ್ದ ಹುಡುಗರಲ್ಲಿ ಕೆಲವರು ಆ ದನಿ ಕೇಳಿ, ಕೂಗಿದವನ ಮುಖ ನೋಡದೆಯೇ, ಓಡಿಬಂದು ಬಸ್ಸು ಹತ್ತಿದರು.