ಅರಿಶಿನವಿಲ್ಲದ ಮೀನು

ನಮ್ಮ ಮನೆಯಲ್ಲಿ ಬಿಳಿ ಅಡುಗೆ ಅಂತ ಇದ್ದದ್ದು ಅನ್ನ ಒಂದೇ. ಉಳಿದದ್ದೆಲ್ಲ ಕೆಂಪು. ನನ್ನ ಅತ್ತೆ ಅಫಜಲಪುರದ ಕಡೆಯವರು, ಭೀಮಾ ದಂಡೆಯ ಮೀನು ತಿಂದು ಬೆಳೆದವರು. ಖಾರಪುಡಿಯನ್ನು ಚಮಚದಲ್ಲಿ ಅಳೆಯುವುದು ಅವರ ಮಟ್ಟಿಗೆ ಜಿಪುಣತನ. ನಾನು ಖಜೂರಿಯವಳು, ನಮ್ಮ ಗಡಿಯೂರಲ್ಲೂ ಖಾರಕ್ಕೇನೂ ಬರವಿಲ್ಲ. ಆದರೂ ಮದುವೆಯಾದ ಹೊಸದರಲ್ಲಿ ಅತ್ತೆ ಮಾಡಿದ ಮೀನು ತಿಂದು ಸೆರಗಿನಲ್ಲಿ ಕಣ್ಣು ಮೂಗು ಎರಡೂ ಒರೆಸಿಕೊಂಡಿದ್ದೆ. ನಮ್ಮ ಮನೆಯವರು ಬಾಯಿ ತುಂಬ ನಕ್ಕಿದ್ದರು.

"ಇಷ್ಟಕ್ಕ ಅಳಾಕತ್ತಿಯೇನ ಬೇ? ಇನ್ನಾ ಸಾರು ಬಡಿಸಿಲ್ಲ!"

ಆಗ ಅವರ ಬಾಯಿ ಪೂರ್ತಿ ತೆರೆಯುತ್ತಿತ್ತು. ಈಗ ಎರಡು ಬೆರಳು ಹಿಡಿಸುವಷ್ಟೂ ತೆರೆಯುವುದಿಲ್ಲ.

ಜೇವರ್ಗಿಯಿಂದ ವಿಜಯಪುರದ ಕಡೆಗೆ ಸರಕಿನ ಗಾಡಿ ಓಡಿಸುತ್ತಿದ್ದರು. ನಿದ್ದೆ ಬರಬಾರದೆಂದು ದವಡೆಯಲ್ಲಿ ಗುಟ್ಕಾ. ನಾನು ಜೇವರ್ಗಿಯ ಒಂದು ಶಾಲೆಯಲ್ಲಿ ಟೀಚರ್. ಗುಟ್ಕಾ ಕೆಟ್ಟದ್ದು ಎಂದು ಊರ ಮಕ್ಕಳಿಗೆಲ್ಲ ಪಾಠ ಹೇಳಿದ್ದೇನೆ. ಮನೆಯಲ್ಲಿ ಹೇಳಿದರೆ "ಬಂದ್ಳಪ್ಪಾ ಟೀಚರಮ್ಮ" ಎಂದು ನಗುತ್ತಿದ್ದರು. ದವಡೆಯ ಗಡ್ಡೆ ತೆಗೆಸಿ, ಕಲಬುರಗಿ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದ ಮೇಲೆ ಆ ಮಾತನ್ನು ನಾನು ಎತ್ತಿಲ್ಲ. ಈ ವಾದದಲ್ಲಿ ಗೆದ್ದು ನಾನೇನು ಮಾಡಲಿ?

ಕರೆಂಟು ಅವರ ಬಾಯಿಯ ಒಳಗನ್ನೆಲ್ಲ ಸುಟ್ಟಿತ್ತು. ಜೊಲ್ಲು ಒಣಗಿತ್ತು. ಮೊಸರನ್ನದಲ್ಲಿ ಒಂದು ಸಾಸಿವೆ ಕಾಳು ಸಿಕ್ಕರೂ ಕಣ್ಣಲ್ಲಿ ನೀರು. ಸಿಹಿ ತಿಳಿಯುತ್ತಿರಲಿಲ್ಲ, ಹುಳಿ ಉರಿಯುತ್ತಿತ್ತು, ಉಪ್ಪು ಮಾತ್ರ ಅಷ್ಟೋ ಇಷ್ಟೋ ಗೊತ್ತಾಗುತ್ತಿತ್ತು. ರೊಟ್ಟಿಯ ಮಾತಂತೂ ಮುಗಿದೇ ಹೋಯಿತು. ಮೈ ಇಳಿಯುತ್ತಾ ಹೋಗಿ ಅಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಕಾಣತೊಡಗಿತು. ಮೀನು ಕೊಡಿ, ಮುಳ್ಳು ಇರಬಾರದು, ಖಾರ ಸೋಕಲೂ ಬಾರದು ಎಂದರು ಡಾಕ್ಟರು. ತೂಕ ಇನ್ನೂ ಇಳಿದರೆ ಮುಂದಿನ ಚಿಕಿತ್ಸೆ ತಾಳುವುದಿಲ್ಲ ಎಂದೂ ಹೇಳಿದರು. ನಾನು ತಲೆಯಾಡಿಸಿ ಬಂದೆ. ಮನೆಗೆ ಬಂದು ಒಲೆಯ ಮುಂದೆ ನಿಂತಾಗ ಏನು ಮಾಡಬೇಕೆಂದು ನಿಜವಾಗಿ ಹೊಳೆಯಲಿಲ್ಲ. ಖಾರ ತೆಗೆದರೆ ನನಗೆ ಬರುವ ಅಡುಗೆಯಲ್ಲಿ ಉಳಿಯುವುದು ನೀರು ಮತ್ತು ಹೆದರಿಕೆ.

ಉಪ್ಪು ಹಾಕಿ ಬೇಯಿಸಿದ ಮೀನು ಕೊಟ್ಟೆ. ವಾಸನೆಗೇ ಮುಖ ತಿರುಗಿಸಿದರು. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಜಪಾನಿನ ಅಡುಗೆ ನನಗೆ ಸಿಕ್ಕಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಅವರ ಸರದಿಗಾಗಿ ಕಾಯುತ್ತಾ ಮೊಬೈಲಿನಲ್ಲಿ ಖಾರವಿಲ್ಲದ ಮೀನು ಹುಡುಕುತ್ತಿದ್ದೆ. ಒಂದು ವಿಡಿಯೋದಲ್ಲಿ ವಯಸ್ಸಾದ ಹೆಂಗಸಿನ ಎರಡು ಕೈ ಕಂಡವು. ಮುಖ ತೋರಿಸಲಿಲ್ಲ, ಮಾತು ತಿಳಿಯಲಿಲ್ಲ. ಬಿಳಿ ಮೀನಿನ ಮುಳ್ಳಿಲ್ಲದ ಹೋಳಿಗೆ ಉಪ್ಪು ಸವರಿದಳು, ಬಿಟ್ಟ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದಳು, ಕಂದು ಬಣ್ಣದ ಎಂಥದೋ ಮುದ್ದೆಯನ್ನು ಹಚ್ಚಿ ಮುಚ್ಚಿಟ್ಟಳು. ಮರುದಿನ ಅದನ್ನು ಒರೆಸಿ ಬೇಯಿಸಿದಳು. ಖಾರವಿಲ್ಲ, ಮಸಾಲೆಯಿಲ್ಲ, ಒಗ್ಗರಣೆಯಿಲ್ಲ. ಆ ಕೈಗಳಿಗೆ ಗಡಿಬಿಡಿಯೂ ಇರಲಿಲ್ಲ. ನಾನು ಅದೇ ವಿಡಿಯೋ ಮತ್ತೆ ಮತ್ತೆ ನೋಡಿದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಇಣುಕಿದರು.

"ಏನದು, ಮೀನಿಗೆ ಮಣ್ಣು ಮೆತ್ತಾಕತ್ತಾಳ?"

ಆ ಮುದ್ದೆ ಸೋಯಾ ಕಾಳನ್ನು ಹುದುಗಿಸಿ ಮಾಡಿದ್ದಂತೆ. ಹೆಸರು ಮಿಸೊ. ನನಗೆ ನಗು ಬಂತು. ನನ್ನ ತವರಲ್ಲಿ ಹೊಲದ ತುಂಬ ಸೋಯಾ ಬೆಳೆಯುತ್ತಾರೆ. ಲಾರಿ ತುಂಬಿ ಗಡಿ ದಾಟಿಸುತ್ತಾರೆ. ಅದನ್ನು ಬಾಯಿಗೆ ಹಾಕಿಕೊಂಡವರನ್ನು ನಾನು ಊರಲ್ಲಿ ಕಂಡಿಲ್ಲ. ಎಣ್ಣೆ ಮಿಲ್ಲಿನ ಕಾಳು ಎಂದುಕೊಂಡಿದ್ದೆವು. ಅದು ಸಮುದ್ರದಾಚೆ ಹೋಗಿ ಮುದ್ದೆಯಾಗಿ ತಿರುಗಿ ನನ್ನ ಒಲೆಯ ಮುಂದೆ ಬರಬೇಕಿತ್ತು.

ಮಿಸೊ ಸಿಗುವ ತನಕ ಸೋಯಾ ಸಾಸಿನಲ್ಲೇ ಶುರುಮಾಡಿದೆ. ಗೋಬಿ ಮಂಚೂರಿಯ ದಯೆಯಿಂದ ಆ ಬಾಟಲಿ ಜೇವರ್ಗಿಯ ಕಿರಾಣಿ ಅಂಗಡಿಯಲ್ಲೂ ಇದೆ. ಸಾಸು, ಸ್ವಲ್ಪ ಸಕ್ಕರೆ, ಹಿಂಡಿದ ಶುಂಠಿಯ ಒಂದೆರಡು ಹನಿ. ಮೀನು ತರಲು ಭೀಮಾ ಸೇತುವೆಯ ಹತ್ತಿರ ಹೋದೆ. ಅಲ್ಲಿ ಮೀನು ಮಾರುವಾಕೆ ಎಂದಿನಂತೆ ಅಡ್ಡಡ್ಡ ಕಡಿಯಲು ಕತ್ತಿ ಎತ್ತಿದಳು. ಬೇಡ, ಬೆನ್ನು ಮೂಳೆಯ ಗುಂಟ ಉದ್ದಕ್ಕೆ ಮಾಂಸ ಬಿಡಿಸಿಕೊಡು, ಚರ್ಮ ಬೇಡ, ತಲೆಯೂ ಬೇಡ ಎಂದೆ.

"ತಲಿ ಬ್ಯಾಡ, ಮುಳ್ಳ ಬ್ಯಾಡ, ಮತ್ತ ಮೀನ ಯಾಕ ಬೇಕ್ರಿ ಅಕ್ಕಾರ? ಪನೀರ್ ತಗೊಂಡ ಹೋಗ್ರಿ," ಎಂದು ನಕ್ಕಳು. ಕಾರಣ ಹೇಳಿದೆ. ಅವಳ ನಗು ನಿಂತಿತು. ಹೋಳುಗಳ ಮೇಲೆ ಬೆರಳಾಡಿಸಿ, ಉಳಿದ ಸಣ್ಣ ಮುಳ್ಳುಗಳನ್ನೂ ಆರಿಸಿ ತೆಗೆದುಕೊಟ್ಟಳು.

ಮೊದಲ ಸಲ ಕೆಟ್ಟಿತು. ರಾತ್ರಿಯೆಲ್ಲ ಸಾಸಿನಲ್ಲಿ ಮುಳುಗಿಸಿಟ್ಟಿದ್ದೆ, ಮೀನು ಬಿಗಿದುಕೊಂಡು ಉಪ್ಪಿನಕಾಯಿ ಹೋಳಿನಂತಾಗಿತ್ತು. ಸಾಸಿಗೆ ಸ್ವಲ್ಪ ಹೊತ್ತು ಸಾಕು, ಇಡೀ ರಾತ್ರಿ ಇಡುವುದು ಮಿಸೊದಲ್ಲಿ ಎಂದು ಆಮೇಲೆ ತಿಳಿಯಿತು. ನನ್ನ ತಮ್ಮ ಹೈದರಾಬಾದಿಗೆ ಹೋದಾಗ ಮಿಸೊದ ಒಂದು ಪ್ಯಾಕೆಟ್ ತಂದುಕೊಟ್ಟ. ಆ ಕೈಗಳು ಮಾಡಿದಂತೆಯೇ ಮಾಡಿದೆ. ಉಪ್ಪು ಸವರಿದೆ, ನೀರು ಒತ್ತಿದೆ, ಸಕ್ಕರೆ, ಶುಂಠಿಯ ಒಂದು ಹನಿ ಬೆರೆಸಿದ ಮಿಸೊ ಹಚ್ಚಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಒರೆಸಿ, ಹಂಚಿಗೆ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿದೆ. ಅಂಚುಗಳಷ್ಟೇ ತುಸು ಕೆಂಪಗಾದವು. ಬೆರಳು ತಾಗಿಸಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತಿತ್ತು.

ಮೆತ್ತಗಿನ ಅನ್ನದ ಮೇಲೆ ಒಂದು ಚೂರು ಇಟ್ಟು ಕೊಟ್ಟೆ. ನಮ್ಮ ಮನೆಯವರು ತುಂಬ ಹೊತ್ತು ಬಾಯಲ್ಲಿಟ್ಟುಕೊಂಡರು. ನುಂಗಿದರು. ತಟ್ಟೆ ಮುಂದೆ ತಳ್ಳಿದರು. ಬೇಡವೇನೋ ಎಂದು ತಟ್ಟೆ ತೆಗೆಯಲು ಕೈಚಾಚಿದೆ.

"ಇನ್ನಷ್ಟ ಹಾಕು," ಎಂದರು. "ಏನೋ ರುಚಿ ಅದ. ಹೆಸರ ಗೊತ್ತಾಗವಲ್ದು, ಆದ್ರ ಅದ."

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಸಂತೋಷಕ್ಕೇ ಬಂದ ಅಳು.

ಮುಂದಿನ ಸಲವೂ ಅದೇ ಮೀನು, ಅದೇ ಮಿಸೊ, ಅದೇ ಹಂಚು. ಮೊದಲ ತುತ್ತಿಗೇ ಅವರು ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಬಚ್ಚಲಿಗೆ ಓಡಿದರು. ಉಗುಳಿದರು. ಗಾಯವಿದ್ದ ಬಾಯಿಗೆ ತಣ್ಣೀರು ತುಂಬಿಕೊಂಡು ಗೋಡೆ ಹಿಡಿದು ನಿಂತರು. ನಾನು ಏನೂ ಹಾಕಿಲ್ಲ ಎಂದರೆ ನಂಬಿದರೋ ಇಲ್ಲವೋ. ಆ ದಿನವೆಲ್ಲ ಹಾಲನ್ನೂ ಮುಟ್ಟಲಿಲ್ಲ. ಶುಂಠಿಯ ಮೇಲೆ ಅನುಮಾನ ಬಂತು, ಅದನ್ನು ಬಿಟ್ಟೆ. ಮತ್ತೆ ಉರಿ. ಮಿಸೊ ಹಳಸಿತೇನೋ ಎಂದುಕೊಂಡೆ. ಹಂಚನ್ನು ಬೂದಿ ಹಾಕಿ ತಿಕ್ಕಿದೆ. ಮತ್ತೆ ಉರಿ. ಇನ್ನು ಇವರ ಬಾಯಿಗೆ ಯಾವುದೂ ಆಗದು ಎಂದು ಕೈಚೆಲ್ಲಿ ಕೂತೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಮಕ್ಕಳ ಮುಂದೆ ನಿಂತಿದ್ದರೂ ನನ್ನ ತಲೆಯಲ್ಲಿ ಆ ಬಚ್ಚಲ ಗೋಡೆಯೇ ಇರುತ್ತಿತ್ತು.

ಕಾರಣ ತಿಳಿದದ್ದು ಒಂದು ಭಾನುವಾರ. ಮೀನು ಹಂಚಿನ ಮೇಲಿಟ್ಟು ಅಂಗಳಕ್ಕೆ ಹೋಗಿ ಬಂದೆ. ಅತ್ತೆ ಮುಚ್ಚಳ ಎತ್ತಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಮಸಾಲೆ ಡಬ್ಬಿಯ ಚಮಚ.

"ಅತ್ತೀ, ಏನ್ ಹಾಕಾಕತ್ತೀರಿ?"

"ಅರಿಶಿಣ. ಚಿಟಿಕಿ ಅಷ್ಟೇ. ಅರಿಶಿಣ ಉರಿಯಂಗಿಲ್ಲ."

ಅರಿಶಿನ ಉರಿಯುವುದಿಲ್ಲ, ನಿಜ. ಆದರೆ ನಮ್ಮ ಡಬ್ಬಿಗೆ ಇರುವುದು ಒಂದೇ ಚಮಚ. ಅದು ಸದಾ ಬಿದ್ದಿರುವುದು ಖಾರಪುಡಿಯ ಬಟ್ಟಲಲ್ಲಿ. ಆ ಚಿಟಿಕೆ ಅರಿಶಿನವೂ ಚಮಚದ ಬೆನ್ನಿಗೆ ಅಂಟಿದ ಕೆಂಪು ಧೂಳೂ ಮಿಸೊದ ಕಂದು ಬಣ್ಣದಲ್ಲಿ ಕಣ್ಣಿಗೆ ಕಾಣುತ್ತಿರಲಿಲ್ಲ. ನಮ್ಮ ಮನೆಯವರ ಬಾಯಿಗೆ ಮಾತ್ರ ಕಾಣುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಟೀಚರ್ ದನಿಯಲ್ಲೇ ಕೂಗಿದೆ. "ನಿಮ್ಮ ಮಗನ ಬಾಯಿ ನೋಡೀರೇನು? ಯಾಕ್ ಹಾಕ್ತೀರಿ?"

ಅತ್ತೆ ಎಂದೂ ನನ್ನ ಮುಂದೆ ತಲೆ ತಗ್ಗಿಸಿದವರಲ್ಲ. ಅವತ್ತು ಚಮಚ ನೋಡುತ್ತಾ ನಿಂತರು.

"ಅರಿಶಿಣ ಇಲ್ದ, ಒಗ್ಗರಣಿ ಇಲ್ದ ಅಡಿಗಿ ಯಾವಾಗ ಮಾಡ್ತಾರ ನಿನಗ ಗೊತ್ತಿಲ್ಲೇನು?" ಎಂದರು. "ಮನ್ಯಾಗ ಹೆಣ ಎತ್ತಿದ ಮ್ಯಾಲ ಮಾಡ್ತಾರ. ನೀ ನನ್ನ ಮಗ ಬದುಕಿರೂಮುಂದ ಮಾಡಾಕತ್ತಿ. ಬೆಳ್ಳಗ, ಬೋಳಬೋಳ. ನಾ ಹೆಂಗ ನೋಡ್ಲಿ?"

ನಾವು ಬೌದ್ಧರು. ಬುದ್ಧನ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚುವವರು. ಮುಹೂರ್ತ, ಸೂತಕ ಎಲ್ಲವನ್ನೂ ಅತ್ತೆಯೇ ನಾನು ಬರುವುದಕ್ಕೂ ಮೊದಲು ಮನೆಯಿಂದ ಆಚೆಗೆ ಅಟ್ಟಿದವರು. ಸತ್ತ ಮನೆಯ ಊಟದ ಈ ಒಂದು ಭಯ ಮಾತ್ರ ಮಸಾಲೆ ಡಬ್ಬಿಯೊಳಗೆ ಕೂತು ಉಳಿದುಬಿಟ್ಟಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾನೂ ಖಜೂರಿಯವಳು, ನನಗೆ ಗೊತ್ತಿರಲಿಲ್ಲವೇ? ನನ್ನ ಅಪ್ಪ ಹೋದ ದಿನ ಪಕ್ಕದ ಮನೆಯವರು ತಂದ ಬೇಳೆಯೂ ಹಾಗೇ ಇತ್ತು.

ಆಮೇಲೆ ಅತ್ತೆಯೇ ಒಂದು ದಾರಿ ಕಂಡುಕೊಂಡರು. ನಾನು ಬಿಳಿ ಮೀನು ಬೇಯಿಸಿದಾಗಲೆಲ್ಲ ಕೈ ತೊಳೆದುಕೊಂಡು ಬಂದು, ಅರಿಶಿನದ ಕೊಂಬನ್ನು ಕಲ್ಲಿನ ಮೇಲೆ ತೇಯ್ದು, ಮಗನ ತಟ್ಟೆಯ ಹೊರ ಅಂಚಿಗೆ ಬೆರಳಿನಿಂದ ಒಂದು ಗೆರೆ ಹಚ್ಚುವರು. ತುತ್ತಿಗೆ ತಾಗದು, ಕಣ್ಣಿಗೆ ಕಾಣುವುದು. ನಮ್ಮ ಮನೆಯವರು ತಟ್ಟೆ ತಿರುಗಿಸಿ ನೋಡಿ, "ಮೀನಿನ ಮದುವಿ ಅದೇನ ಯವ್ವಾ?" ಎಂದು ಚುಡಾಯಿಸುವರು. ಉರಿ ನಿಂತಿತು. ಅವರು ಉಣ್ಣತೊಡಗಿದರು. ಕೆನ್ನೆ ತುಂಬಲಿಲ್ಲ, ಆದರೆ ಇನ್ನಷ್ಟು ಬತ್ತಲೂ ಇಲ್ಲ. ಅತ್ತೆ ಮಾತ್ರ ಆ ಮೀನನ್ನು ಒಮ್ಮೆಯೂ ಬಾಯಿಗೆ ಹಾಕಿಕೊಳ್ಳಲಿಲ್ಲ. ರುಚಿ ನೋಡ್ರಿ ಅಂದರೆ ಎದ್ದು ಹೋಗುತ್ತಿದ್ದರು.

ಹೋದ ತಿಂಗಳು ಅತ್ತೆಯೂ ಸೇರಿ ಮೂವರೂ ಮತ್ತೆ ಕಲಬುರಗಿಗೆ ಹೋದೆವು, ಸ್ಕ್ಯಾನು. ಗಡ್ಡೆ ಗಂಟಲ ಕಡೆಗೆ ತಿರುಗಿ ಬಂದಿದೆ ಎಂದರು ಡಾಕ್ಟರು. ಕತ್ತರಿಸುವ ಜಾಗದಲ್ಲಿಲ್ಲ. ಕರೆಂಟು ಇನ್ನು ಕೊಡುವ ಹಾಗಿಲ್ಲ. ತುಂಬ ಮೆಲ್ಲಗೆ, "ಅವರಿಗೆ ಏನು ಆಸೆಯೋ ಅದನ್ನು ತಿನ್ನಲಿ," ಎಂದರು. ಆ ಮಾತಿನ ಅರ್ಥ ಮೂವರಿಗೂ ಆಯಿತು. ಬಸ್ಸು ಭೀಮಾ ಸೇತುವೆಗೆ ಬಂದಾಗ ನಮ್ಮ ಮನೆಯವರು ಕಿಟಕಿಯಿಂದ ನೀರು ನೋಡಿದರು.

"ಮೀನ ತರೋಣ," ಎಂದರು. "ಕೆಂಪಂದು ಮಾಡು. ಯವ್ವನ ಕೈದು. ಉರೀಲಿ ಬಿಡು. ಇನ್ನ ಏನ್ ಉಳಿಸೂದದ?"

ಮನೆಗೆ ಬಂದು ಮೀನು ತೊಳೆದಿಟ್ಟೆ. ಅವರು ಕೇಳಿದ್ದಾರೆ, ಡಾಕ್ಟರೂ ಹೂಂ ಅಂದಿದ್ದಾರೆ. ಉರಿಯುವುದು ಖಂಡಿತ ಎಂದು ನನಗೆ ಗೊತ್ತು. ಹಾಕಲೋ ಬೇಡವೋ ತಿಳಿಯದೆ ಮಸಾಲೆ ಡಬ್ಬಿಗೆ ಕೈಚಾಚಿದೆ. ಅದು ಅಲ್ಲಿರಲಿಲ್ಲ. ಹಿಂದಿರುಗಿ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದರು, ಡಬ್ಬಿ ಅವರ ಮಡಿಲಲ್ಲಿತ್ತು. ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದಿದ್ದರು.

"ಬಿಳೇದೇ ಮಾಡು," ಎಂದರು.

"ಅವ್ರು ಕೆಂಪಂದು ಕೇಳ್ಯಾರಲ್ರಿ ಅತ್ತೀ."

"ಕೇಳ್ತಾನ. ನೀ ಬಿಳೇದೇ ಮಾಡು. ಅದನ್ನ ಉಂಡಽ ಇಲ್ಲೀತನ ಬಂದಾನ."

ನಡುಮನೆಯಿಂದ ಅವರು ಕೇಳಿಸಿಕೊಂಡರು. "ಯವ್ವಾ, ಸತ್ತ ಮನಿ ಊಟ ಅಂದಾಕಿ ನೀನಽ ಅಲ್ಲೇನು?"

ಅತ್ತೆ ಡಬ್ಬಿಯನ್ನು ಎದೆಗೊತ್ತಿಕೊಂಡರು. ಬಿಡಲಿಲ್ಲ.

ಮಿಸೊ ಹಚ್ಚಿ ರಾತ್ರಿಯೆಲ್ಲ ಇಡಲು ಹೊತ್ತಿರಲಿಲ್ಲ. ಸಾಸಿನಲ್ಲಿ ತುಸು ನೆನೆಸಿ, ಒರೆಸಿ, ಸಣ್ಣ ಉರಿಯಲ್ಲಿ ಬೇಯಿಸಿದೆ. ಯಾರ ಮಾತು ನಡೆಸಿದೆನೋ, ಯಾರ ಮಾತು ಮೀರಿದೆನೋ ನನಗೇ ತಿಳಿಯದು. ಅವರು ತಾಯಿಯ ಮುಖ ನೋಡುತ್ತಾ ಎರಡು ತುತ್ತು ಉಂಡರು. ಮೂರನೆಯದು ಗಂಟಲಲ್ಲಿ ಇಳಿಯಲಿಲ್ಲ. ತಟ್ಟೆ ಸರಿಸಿದರು. ತಟ್ಟೆಯ ಅಂಚಿನಲ್ಲಿ ಅಂದು ಅರಿಶಿನದ ಗೆರೆ ಇರಲಿಲ್ಲ.

ಅತ್ತೆ ಆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಗ ಬಿಟ್ಟ ಬಿಳಿ ಮೀನನ್ನು ಬೆರಳಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಉಪ್ಪು ಸರಿ ಅದ," ಎಂದರು. "ನಾಳಿಗೂ ಇದನ್ನಽ ಮಾಡು."