ಕುಂಕುಮ ಹಚ್ಚಿದ ಮೌಸ್

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ನನ್ನ ನಾಲಿಗೆ ಸ್ವಲ್ಪ ಚುರುಕು. ನಾನು ಬೈಯುವುದು ಪಕ್ಕದ ತರಗತಿಗೂ ಕೇಳಿಸುತ್ತದೆ ಎಂದು ಉಳಿದ ಶಿಕ್ಷಕಿಯರು ಛೇಡಿಸುತ್ತಾರೆ.

ಎಷ್ಟು ಬೈದರೂ ಏಳನೇ ತರಗತಿಯ ತಲೆಗೆ ಭಿನ್ನರಾಶಿ ಹತ್ತಲಿಲ್ಲ. ಕೊನೆಗೆ ಕಂಪ್ಯೂಟರ್ ಕೋಣೆಯಲ್ಲಿ ಒಂದು ವಿಡಿಯೋ ಗೇಮ್ ಹಾಕಿಸಿದೆ. ಅದರಲ್ಲಿ ಮಕ್ಕಳು ದೋಸೆ ಹೋಟೆಲ್ ನಡೆಸಬೇಕು. ಒಬ್ಬ ಗಿರಾಕಿ ಅರ್ಧ ದೋಸೆ ಕೇಳುತ್ತಾನೆ, ಇನ್ನೊಬ್ಬ ಎಂಟರಲ್ಲಿ ಮೂರು ಭಾಗ. ಮೌಸ್ ಹಿಡಿದು ಸರಿಯಾಗಿ ಕತ್ತರಿಸದಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ, ಮತ್ತೆ ಆಡಬೇಕು. ಎರಡೇ ವಾರ, ಗಂಟೆ ಹೊಡೆದರೂ ಮಕ್ಕಳು ಏಳಲೊಲ್ಲರು.

ಸುದ್ದಿ ಮನೆಗಳಿಗೆ ಮುಟ್ಟಿತು. "ಮನೇಲಿ ನಾವು ಮೊಬೈಲ್ ಕಿತ್ಕೋತೀವಿ, ನೀವು ಸ್ಕೂಲಲ್ಲೇ ಆಡಿಸ್ತೀರಲ್ಲ ಮಿಸ್!" ಎಂದು ಮೊಮ್ಮಗಳನ್ನು ಬಿಡಲು ಬಂದ ಅಜ್ಜಿಯೊಬ್ಬರು ಗೇಟಿನಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡರು. ಮುಖ್ಯೋಪಾಧ್ಯಾಯಿನಿ, "ಶನಿವಾರ ಎಲ್ರೂ ಬಂದು ನೋಡ್ಲಿ. ಒಪ್ಪದಿದ್ರೆ ಗೇಮ್ ಬಂದ್," ಎಂದುಬಿಟ್ಟರು.

ದಸರೆ ರಜೆಗೆ ಮುಂಚೆಯೇ ಆಯುಧಪೂಜೆ ಮುಗಿಸುವುದು ನಮ್ಮ ಶಾಲೆಯ ಪದ್ಧತಿ. ಅದು ಶುಕ್ರವಾರ ಬಂತು. ಮರುದಿನದ ಭಯ ಬೇರೆ, ಕಂಪ್ಯೂಟರುಗಳಿಗೆ ನಾನೇ ಭಕ್ತಿಯಿಂದ ಗಂಧ, ಕುಂಕುಮ ಹಚ್ಚಿದೆ. ಮೌಸಿನ ಮೇಲೆ ಹಚ್ಚಿದರೆ ಮಕ್ಕಳ ಬಿಳಿ ಅಂಗಿಗೆ ಅಂಟುತ್ತದೆಂದು ಬುದ್ಧಿ ಓಡಿಸಿ ಅಡಿಯಲ್ಲಿ, ಕೆಂಪು ದೀಪ ಉರಿಯುವ ಪುಟ್ಟ ತೂತಿಗೇ ದಪ್ಪಗೆ ಬಳಿದೆ.

ಶನಿವಾರ ಕೋಣೆ ತುಂಬ ಮಕ್ಕಳು, ಮನೆಯವರು. ಮೌಸನ್ನು ಎಷ್ಟು ಎಳೆದಾಡಿದರೂ ಪರದೆಯ ಮೇಲಿನ ಬಾಣ ಕದಲಲಿಲ್ಲ. ಎಂಟು ಕಂಪ್ಯೂಟರಿನದೂ ಅದೇ ಕಥೆ. ತಿರುಗಿಸಿ ನೋಡಿದರೆ ನನ್ನ ಭಕ್ತಿ ಒಣಗಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ.

ಆಗ ಹಿಂದಿನಿಂದ ಒಬ್ಬ ಹುಡುಗಿ ಮುಂದೆ ಬಂದಳು. ವರ್ಷವಿಡೀ ಬೋರ್ಡಿನ ಹತ್ತಿರ ಸುಳಿಯದಿದ್ದವಳು. ಸೀಮೆಸುಣ್ಣ ಎತ್ತಿಕೊಂಡು ದೊಡ್ಡದೊಂದು ದೋಸೆ ಬರೆದಳು. ಆಮೇಲೆ ದೂರು ತಂದಿದ್ದ ಆ ಅಜ್ಜಿಯನ್ನೇ ಕೇಳಿದಳು: "ಅಜ್ಜಿ, ನಿಮಗೆ ಅರ್ಧ, ಆ ಅಂಕಲ್‌ಗೆ ಎಂಟರಲ್ಲಿ ಮೂರು. ಮಿಕ್ಕಿದ್ದೆಷ್ಟು?"

"ಕಾಲು," ಎಂದರು ಅಜ್ಜಿ.

"ಗಿರಾಕಿ ಎದ್ದು ಹೋದ! ಎಂಟರಲ್ಲಿ ಒಂದೇ ಉಳಿಯೋದು. ಇನ್ನೊಂದ್ಸಲ ಆಡಿ ಅಜ್ಜಿ."

ಕೋಣೆಯೆಲ್ಲ ಗೊಳ್ಳೆಂದಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು, "ಇನ್ನೊಂದು ಕೊಡು, ನೋಡೇಬಿಡ್ತೀನಿ," ಎಂದರು. ಮೂರನೆಯದಕ್ಕೆ ಸರಿಯುತ್ತರ ಬಂತು. ಗೇಮ್ ಇರಲಿ ಎಂದು ಮೊದಲು ಕೈ ಎತ್ತಿದವರೂ ಅವರೇ.

ಖುಷಿ ತಡೆಯಲಾರದೆ ಹುಡುಗಿಯನ್ನು ಕೇಳಿದೆ: "ಇಷ್ಟು ಧೈರ್ಯ ಎಲ್ಲಿತ್ತೇ?"

"ಗೇಮಲ್ಲಿ ಬಂತು ಮಿಸ್. ತಪ್ಪಾದ್ರೆ ಅದು ಬೈಯಲ್ಲ, ಇನ್ನೊಂದ್ಸಲ ಆಡು ಅನ್ನತ್ತೆ."

ಅಷ್ಟು ಜನರ ಎದುರು ನನಗೆ ನಾಚಿಕೆಯಾಯಿತು. ಅವಳನ್ನು ಕಂಡು ಹೆಮ್ಮೆಯೂ ಆಯಿತು.

ರಜೆ ಮುಗಿದ ಮೊದಲ ದಿನವೇ ಹುಡುಗನೊಬ್ಬ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಬೋರ್ಡಿನ ಮೇಲೆ ಐದನೇ ಎರಡು ಎಂದು ತಪ್ಪಾಗಿ ಬರೆದ. ನಾನು ಬಾಯಿ ತೆರೆದೆ. ಇಡೀ ತರಗತಿ ಅಭ್ಯಾಸಬಲದಿಂದ ತಲೆ ತಗ್ಗಿಸಿತು.

"ಇನ್ನೊಂದ್ಸಲ ಆಡು," ಎಂದೆ.