ಗಂಗವ್ವನ ಎಡೆ ಎತ್ತಿಟ್ಟ ಸರೋಜತ್ತೆ

ನಮ್ಮಪ್ಪನ ಅಕ್ಕ ಸರೋಜತ್ತೆ ಹತ್ರ ಮಾತಾಡ್ಬೇಕು ಅಂದ್ರೆ ಬಲಗಡೆನೇ ಕೂರಬೇಕಿತ್ತು. ಅವರ ಗಂಡ, ನಮ್ಮ ಮಾವ, ಹೊಡೆದ ಏಟಿಗೆ ಎಡಗಿವಿ ತಮಟೆ ಹರಿದುಹೋಗಿತ್ತು. ಭದ್ರಾವತಿ ಫ್ಯಾಕ್ಟರಿ ಕ್ವಾರ್ಟರ್ಸಲ್ಲಿ ಯಾರು ಕೇಳಿದ್ರೂ ಮುಚ್ಚಿಡ್ತಿರ್ಲಿಲ್ಲ. "ಆಮೇಲೊಂದಿನ ಅವರ ಯೂನಿಫಾರ್ಮ್ ಇಸ್ತ್ರಿ ಮಾಡ್ತಿದ್ದೆ, ಕೈ ಎತ್ಕೊಂಡು ಬಂದ್ರು. ಬಿಸಿ ಪೆಟ್ಟಿಗೆನ ಎದೆಗೇ ಒತ್ತಿದೆ ಮಾರಾಯ. ಅವತ್ತಿಂದ ಮುಟ್ಲಿಲ್ಲ," ಅಂತ ನಗೋರು.

ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ಸತ್ತೋರ ಹೆಸರು ಹೇಳಿ ಒಬ್ಬೊಬ್ಬರಿಗೂ ಬಾಳೆಲೆ ಮೇಲೆ ಎಡೆ ಇಡ್ತಾರೆ. ಒಂದು ಎಡೆ ಮಾತ್ರ ಬಾಗಿಲ ಹಿಂದೆ, ಹೆಸರಿಲ್ಲದೆ. ಅದು ಮುತ್ತಜ್ಜಿದು. ಬಾವಿಗೆ ಬಿದ್ದು ಸತ್ತೋಳು, ಅಷ್ಟೇ ಗೊತ್ತಿದ್ದಿದ್ದು. ಅರವತ್ತು ದಾಟಿದ್ಮೇಲೆ ಅತ್ತೆಗೆ ಹಠ ಬಂತು. "ನಮ್ಮಪ್ಪನ್ನ ಹೆತ್ತೋಳಿಗೆ ಒಂದು ಹೆಸರು ಬೇಡ್ವೇನೋ?"

ಗಾಜನೂರು ಕಡೆ ಹೆಣ್ಣು ಅಂತ ಯಾರೋ ಅಂದಿದ್ರು. ಎರಡು ವರ್ಷ ನನ್ನ ಸ್ಕೂಟರ್ ಹಿಂದೆ ಕೂತು ಆ ಕಡೆ ಹಳ್ಳಿಗಳೆಲ್ಲ ಸುತ್ತಿದ್ರು. ಒಂದು ಮನೇಲಿ ವಯಸ್ಸಾದ ಹೆಂಗಸೊಬ್ರು ನಮ್ಮ ಮನೆತನದ ಹೆಸರು ಕೇಳಿದ್ದೇ ತಡ ಬಾಗಿಲು ಹಾಕಿದ್ರು. ಅತ್ತೆ ಜಗಲಿ ಮೇಲೆ ಕೂತೇಬಿಟ್ರು. ಮಧ್ಯಾಹ್ನಕ್ಕೆ ಬಾಗಿಲು ತೆಗೀತು.

"ಗಂಗವ್ವ ಅಂತ. ನಮ್ಮಜ್ಜನ ತಂಗಿ," ಅಂದ್ರು ಆಕೆ. "ಬಾವಿಗೆ ಬಿದ್ಲು ಅಂತ ಹೇಳಿ ಕಳ್ಸಿದ್ರು. ನಮ್ಮಜ್ಜಿ ಹೋಗಿ ನೋಡಿದ್ರೆ ಜಡೆ ಒದ್ದೆನೇ ಆಗಿಲ್ಲ. ಹೆಣ ಪೂಜೆಗೆ ಕೂರಿಸಿದ್ರೆ ತಲೆ ನಿಲ್ತಿಲ್ಲ. ವಿಭೂತಿ ಒರೆಸಿದ್ರೆ ಕುತ್ತಿಗೆ ಸುತ್ತ ಹಗ್ಗದ ಬರೆ. ಹೊಡೆಯೋಕೆ ಬಂದ ಗಂಡನ ಕೈ ಕಚ್ಚಿದ್ಲಂತೆ, ಅದಕ್ಕೆ."

ವಾಪಸ್ ಬರೋವಾಗ ಸ್ಕೂಟರ್ ಹಿಂದಿಂದ ಅತ್ತೆ ಅಂದ್ರು, "ನಂಗೆ ಇಸ್ತ್ರಿ ಪೆಟ್ಟಿಗೆ ಸಿಕ್ತು. ಪಾಪ, ಅವಳಿಗೆ ಹಲ್ಲೊಂದು ಬಿಟ್ರೆ ಇನ್ನೇನಿತ್ತು."

ಆ ವರ್ಷದ ಹಬ್ಬ ರಾಗಿಗುಡ್ಡದಲ್ಲಿ ದೊಡ್ಡಪ್ಪನ ಮನೇಲಿ. ಅತ್ತೆ ಸೀದಾ ಹೋಗಿ ಬಾಗಿಲ ಹಿಂದಿನ ಎಡೆ ಎತ್ಕೊಂಡು ಬಂದು ಸಾಲಿನ ಮೊದಲಿಗೆ ಇಟ್ರು. "ಇದು ಗಂಗವ್ವಂದು. ಗಂಡ ಹಗ್ಗ ಬಿಗಿದು ಕೊಂದ."

"ಮನೆ ಮಾನ ಬೀದಿಗೆ ಹಾಕ್ತೀಯೇನೇ?" ಅಂತ ದೊಡ್ಡಪ್ಪ ಹಿತ್ತಾಳೆ ಚೊಂಬು ತಗೊಂಡು ತಂಗಿ ಹಣೆಗೆ ಬೀಸಿದ್ರು. ರಕ್ತ ಎಡೆ ಮೇಲೇ ತೊಟ್ಟಿಕ್ತು. ಅತ್ತೆ ಅಲ್ಲಾಡ್ಲಿಲ್ಲ. "ಇನ್ನೊಂದು ಹೊಡಿಯಣ್ಣ. ಹೆಸರು ಮತ್ತೆ ಹೇಳ್ತೀನಿ."

ಇಪ್ಪತ್ತು ಜನ ಇದ್ವಿ. ಒಬ್ರೂ ಉಸಿರೆತ್ತಲಿಲ್ಲ.

ಆಸ್ಪತ್ರೇಲಿ ಆರು ಹೊಲಿಗೆ ಹಾಕಿದ್ರು. ಅತ್ತೆ ನನ್ನ ಕಡೆ ತಿರುಗಿ, "ಗಾಜನೂರು ಕಡೆ ಆಯಮ್ಮ ಹೇಳಿದ್ದು ನೀನೂ ಕೇಳಿದ್ದೆ ಅಲ್ವಾ? ಅಣ್ಣ ಹೊಡೆದಾಗ ಬಾಯಲ್ಲಿ ಏನಿತ್ತೋ, ಹೋಳಿಗೆನಾ?" ಅಂದ್ರು. ಮಾತ್ರೆ ತರ್ತೀನಿ ಅಂತ ಎದ್ದು ಹೋದೆ. ಆಮೇಲೆ ಮುಖ ತೋರಿಸೋಕೆ ನಾಚಿಕೆಯಾಗಿ ಭದ್ರಾವತಿ ಕಡೆ ಹೋಗ್ಲೇ ಇಲ್ಲ. ಎರಡು ತಿಂಗಳಿಗೆ ಅತ್ತೆ ಹಾರ್ಟ್ ಅಟ್ಯಾಕಲ್ಲಿ ಹೋಗ್ಬಿಟ್ರು.

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ ಅತ್ತೆ ಫೋಟೋ ಹಾಕಿ "ಶಾಂತಮೂರ್ತಿ" ಅಂತ ಬರೆದಿದ್ರು. ಶಾಂತಮೂರ್ತಿಯಂತೆ. ಅದರ ಕೆಳಗೆ ನಾನು ಬರೆದೆ: ನಮ್ಮ ಮುತ್ತಜ್ಜಿ ಹೆಸರು ಗಂಗವ್ವ. ಮುತ್ತಜ್ಜ ಕೊಂದಿದ್ದು. ಅವಳ ತವರಲ್ಲಿ ನಾನೇ ಕೇಳಿಸ್ಕೊಂಡು ಬಂದಿದೀನಿ.

ಹತ್ತು ನಿಮಿಷಕ್ಕೆ ದೊಡ್ಡಪ್ಪನ ಮಗ ನನ್ನನ್ನ ಗ್ರೂಪಿಂದ ತೆಗೆದ. ಅದಕ್ಕೇ ಇಲ್ಲಿ ಬರೀತಿದೀನಿ.